ಕಾರ್ಡ್ ತಗೊಳ್ಳದ ತೋಟದ ಮನೆ: 378 ಯೂರೋ ಮುಂಗಡದ ಒಂದು ಪ್ರಕರಣ

2025ರ ಏಪ್ರಿಲ್ ಕೊನೆಯ ವಾರ. ರಾತ್ರಿ ಊಟ ಮುಗಿಸಿ ಕೂತಿದ್ದೆ. ಬೆಂಗಳೂರಿನಿಂದ ಅಣ್ಣನ ಮಗಳು ಫೋನ್ ಮಾಡಿದಳು. "ಚಿಕ್ಕಪ್ಪಾ, ಇಟಲಿಯಲ್ಲಿ ಒಂದು ಮನೆ ಸಿಕ್ಕಿದೆ. ಎಲ್ಲರಿಗೂ ಇಷ್ಟ ಆಗಿದೆ. ಆದ್ರೆ ಅವರು ಕಾರ್ಡ್ ತಗೊಳ್ಳಲ್ವಂತೆ. ಬ್ಯಾಂಕಿಗೆ ಹಾಕಿ ಅಂತಿದ್ದಾರೆ. ಹಾಕಬಹುದಾ?"

ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವನು. ಇದೇ ಪ್ರಶ್ನೆಯನ್ನು ಕೌಂಟರಿನ ಆಚೆ ನಿಂತು ಎಷ್ಟೋ ಜನ ಕೇಳಿದ್ದಾರೆ. ಕೆಲವರು ದುಡ್ಡು ಕಳಿಸಿ ಆದಮೇಲೆ ಬಂದು ಕೇಳಿದ್ದಾರೆ. ಆ ಮುಖಗಳು ಇವತ್ತಿಗೂ ಕಣ್ಣ ಮುಂದೆ ಬರುತ್ತವೆ. ಅದಕ್ಕೇ ಅವಳಿಗೆ "ಎರಡು ವಾರ ಟೈಮ್ ಕೊಡು, ಒಂದೊಂದಾಗಿ ನೋಡೋಣ" ಅಂದೆ. ಆ ಎರಡು ವಾರದಲ್ಲಿ ನಾವು ಏನೇನು ಮಾಡಿದೆವು, ಎಲ್ಲಿ ಎಡವಿದೆವು ಅನ್ನೋದನ್ನು ಅವಳ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಹೊರಟವರು ಆರು ಜನ: ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅತ್ತೆ, ಮಾವ. ದಸರಾ ರಜೆಯಲ್ಲಿ ಹೋಗೋದು ಅಂತ ತೀರ್ಮಾನ. ಅತ್ತೆ ಹೊರಗಡೆ ಊಟ ಮಾಡುವವರಲ್ಲ. ಒಂದು ಹೊತ್ತಾದರೂ ಅನ್ನ ಸಾರು ಮನೆಯಲ್ಲೇ ಆಗಬೇಕು. ಹಾಗಾಗಿ ಹೋಟೆಲ್ ರೂಮ್ ಪ್ರಶ್ನೆಯೇ ಇರಲಿಲ್ಲ, ಅಡುಗೆಮನೆ ಇರುವ ಮನೆಯೇ ಬೇಕಿತ್ತು. ಅವರು ನೋಡಿದ್ದು ಟಸ್ಕನಿಯ ಸಿಯೆನಾ ಪ್ರಾಂತ್ಯದಲ್ಲಿ, ವಾಲ್ ದೋರ್ಚಾ ಕಣಿವೆಯ ಹತ್ತಿರದ ಒಂದು ತೋಟದ ಮನೆ. ಈ ಕಣಿವೆ 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಬಾಡಿಗೆ ವಾರಕ್ಕೆ 1,260 ಯೂರೋ. ಅಲ್ಲಿನ ಇಂಥ ಮನೆಗಳನ್ನು ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೇ ಕೊಡುತ್ತಾರೆ. ಸೆಪ್ಟೆಂಬರ್ 20ರಿಂದ 27 ಖಾಲಿ ಇತ್ತು.

ಅದಕ್ಕೂ ಮುಂಚೆ ಸಿಕ್ಕ ಇನ್ನೊಂದು ಮನೆ

ಈ ಮನೆಗಿಂತ ಎರಡು ವಾರ ಮುಂಚೆ ಅವರು ಇನ್ನೊಂದಕ್ಕೆ ದುಡ್ಡು ಹಾಕುವ ಹಂತಕ್ಕೆ ಹೋಗಿದ್ದರಂತೆ. ಅದು ನನಗೆ ಗೊತ್ತಾಗಿದ್ದು ಆಮೇಲೆ. ಈಜುಕೊಳ ಇರುವ ದೊಡ್ಡ ಬಂಗಲೆ, ವಾರಕ್ಕೆ ಬರೀ 700 ಯೂರೋ. ಒಂದು ಬುಕಿಂಗ್ ತಾಣದಲ್ಲಿ ಜಾಹೀರಾತು ಕಂಡಿತು. ವಿಚಾರಿಸಿದ ಅರ್ಧ ಗಂಟೆಯಲ್ಲಿ ಮಾತು ವಾಟ್ಸಾಪ್‌ಗೆ ಬಂತು. ಮಾರನೇ ದಿನ ಆ ತಾಣದ ಹೆಸರಲ್ಲೇ ಒಂದು ಇಮೇಲ್. "ನಿಮ್ಮ ಹಣ ನಮ್ಮ ಬಳಿ ಸುರಕ್ಷಿತವಾಗಿರುತ್ತದೆ, ನೀವು ಮನೆ ತಲುಪಿದ ಮೇಲಷ್ಟೇ ಮಾಲೀಕರಿಗೆ ಕೊಡುತ್ತೇವೆ, ಪೂರ್ತಿ ಮೊತ್ತವನ್ನು ಈ ಖಾತೆಗೆ ಕಳಿಸಿ" ಅಂತ. ಲೋಗೋ, ಬಣ್ಣ, ಅಕ್ಷರ ಎಲ್ಲ ಹಾಗೇ ಇತ್ತು. ವಿಳಾಸದಲ್ಲಿ ಮಾತ್ರ ಒಂದು ಅಡ್ಡಗೆರೆ ಜಾಸ್ತಿ.

ಅವಳ ಗಂಡನಿಗೆ ಅನುಮಾನ ಬಂದಿದ್ದು ಈಜುಕೊಳದ ಫೋಟೋದಿಂದ. ಚಿತ್ರ ಹಾಕಿ ಹುಡುಕಿದರೆ ಅದೇ ಕೊಳ, ಅದೇ ನೀಲಿ ಕೊಡೆ ಬೇರೆ ದೇಶದ ಒಂದು ಹೋಟೆಲಿನ ಪುಟದಲ್ಲಿ ಸಿಕ್ಕಿತು. ವಿಡಿಯೋ ಕಾಲ್ ಮಾಡಿ ತೋರಿಸಿ ಅಂದರೆ ಕ್ಯಾಮೆರಾ ಕೆಟ್ಟಿದೆ ಅಂದರು. ಅಲ್ಲಿಗೆ ನಿಲ್ಲಿಸಿದರು. ಒಂದು ಪೈಸೆ ಹೋಗಲಿಲ್ಲ, ದೇವರು ದೊಡ್ಡವನು.

ಆ ಖಾತೆ ಸಂಖ್ಯೆಯನ್ನು ನಾನೂ ನೋಡಿದೆ. ಶುರುವಾಗಿದ್ದು 'ಎಲ್‌ಟಿ' ಅಂತ, ಅಂದರೆ ಲಿಥುವೇನಿಯಾ. ಒಟ್ಟು 20 ಅಕ್ಷರ-ಅಂಕಿ. ಇಟಲಿಯ ಮನೆಗೆ ಲಿಥುವೇನಿಯಾದ ಖಾತೆ ಇದ್ದ ಮಾತ್ರಕ್ಕೆ ಮೋಸ ಅನ್ನೋಕೆ ಆಗಲ್ಲ. ಯುರೋಪಿನಲ್ಲಿ ಯಾರು ಬೇಕಾದರೂ ಬೇರೆ ದೇಶದ ಮೊಬೈಲ್ ಬ್ಯಾಂಕಿನಲ್ಲಿ ಖಾತೆ ಇಟ್ಟುಕೊಳ್ಳಬಹುದು, ತುಂಬಾ ಜನ ಇಟ್ಟುಕೊಂಡಿದ್ದಾರೆ. ಆದರೆ ಪ್ರಶ್ನೆ ಕೇಳೋಕೆ ಅದು ಸಾಕಾದ ಕಾರಣ.

ಈ ಅನುಭವ ಆದಮೇಲೆ ಸಿಕ್ಕ ತೋಟದ ಮನೆಯ ಬಗ್ಗೆ ಅವಳಿಗೆ ಭಯ ಆಗಿದ್ದು ಸಹಜ. ಮೇಲ್ನೋಟಕ್ಕೆ ಇದರಲ್ಲೂ ಅದೇ ಲಕ್ಷಣಗಳಿದ್ದವು. ಇವರೂ ಕಾರ್ಡ್ ಬೇಡ ಅಂದರು. ಇವರೂ ಬ್ಯಾಂಕಿಗೆ ಹಾಕಿ ಅಂದರು. ಇನ್ನೂ ಒಂದು ಹೆಜ್ಜೆ ಮುಂದೆ: ಮಾತಾಡುತ್ತಿದ್ದವರು ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ, ಖಾತೆ ಇದ್ದಿದ್ದು ಬೇರೆ ಯಾರದ್ದೋ ಹೆಸರಲ್ಲಿ. ಪ್ರಾಮಾಣಿಕರೂ ಮೋಸಗಾರರೂ ಹೊರಗಿಂದ ನೋಡೋಕೆ ಒಂದೇ ಥರ ಕಾಣುವಾಗ ಬೇರೆ ಮಾಡೋದು ಹೇಗೆ? ಈ ಪ್ರಕರಣದಲ್ಲಿ ನಮ್ಮ ಶ್ರಮವೆಲ್ಲ ಹೋಗಿದ್ದು ಅದಕ್ಕೇ.

ಕಾರ್ಡ್ ಇದ್ದಿದ್ದರೆ

ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟ ದುಡ್ಡಿಗೆ ಒಂದು ದಾರಿ ಇದೆ. ಮನೆ ಸಿಗದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಡಬಹುದು, ಅವರು ಹಣ ಪಡೆದವನ ಬ್ಯಾಂಕಿನಿಂದ ವಾಪಸ್ ಎಳೆಯಲು ಪ್ರಯತ್ನಿಸುತ್ತಾರೆ. ಚಾರ್ಜ್‌ಬ್ಯಾಕ್ ಅಂದರೆ ಅದೇ. ಸ್ವಿಫ್ಟ್, ಅಂದರೆ ದೇಶ ದೇಶಗಳ ಬ್ಯಾಂಕುಗಳು ಹಣ ಕಳಿಸುವ ಸಂದೇಶ ಕೊಡುವ ಜಾಲದ ಮೂಲಕ ಹೋದ ದುಡ್ಡಿಗೆ ಹಾಗಿಲ್ಲ. ಆಚೆ ಖಾತೆಗೆ ಜಮಾ ಆದಮೇಲೆ ನಮ್ಮ ಬ್ಯಾಂಕ್ 'ವಾಪಸ್ ಕೊಡಿ' ಅಂತ ಸಂದೇಶ ಕಳಿಸಬಹುದು, ಅಷ್ಟೇ. ಸಾಮಾನ್ಯವಾಗಿ ಖಾತೆದಾರ ಒಪ್ಪಿದರೆ ಮಾತ್ರ ಬರುತ್ತದೆ. ಮೋಸಗಾರ ಒಪ್ಪುತ್ತಾನಾ?

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಮ್ಮಲ್ಲಿ ಈಗ ನೆಫ್ಟ್, ಆರ್‌ಟಿಜಿಎಸ್ ಮಾಡುವಾಗ ಖಾತೆದಾರರ ಹೆಸರು ಪರದೆಯ ಮೇಲೆ ಬರುತ್ತದೆ. 2025ರ ಏಪ್ರಿಲ್ 1ರೊಳಗೆ ಈ ಸೌಲಭ್ಯ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ವಿದೇಶಕ್ಕೆ ಕಳಿಸುವಾಗ ಅವಳ ಆ್ಯಪ್‌ನಲ್ಲಿ ಅಂಥದ್ದು ಏನೂ ಇರಲಿಲ್ಲ. ನೀವು ಹೆಸರು ಟೈಪ್ ಮಾಡುತ್ತೀರಿ, ಸಂಖ್ಯೆ ಟೈಪ್ ಮಾಡುತ್ತೀರಿ, ದುಡ್ಡು ಸಂಖ್ಯೆಯನ್ನು ಹಿಡಿದು ಹೋಗುತ್ತದೆ.

ಅಜ್ಜಿಗೆ ಕಾರ್ಡ್ ಯಾಕೆ ಬೇಡ ಅಂತ ಕೇಳಿದ್ದೆವು. ಉತ್ತರ ಸರಳವಾಗಿತ್ತು. ಅವರದ್ದು ವ್ಯಾಪಾರ ಅಲ್ಲ, ಸ್ವಂತ ಮನೆಯ ಒಂದು ಭಾಗವನ್ನು ಬೇಸಿಗೆಯಲ್ಲಿ ಕೆಲವು ವಾರ ಬಾಡಿಗೆಗೆ ಕೊಡುತ್ತಾರೆ. ಇಟಲಿಯಲ್ಲಿ ಅಂಗಡಿ, ಹೋಟೆಲಿನವರು ಕಾರ್ಡ್ ಬೇಡ ಅಂದರೆ 2022ರ ಜೂನ್ 30ರಿಂದ ದಂಡ ಇದೆ: 30 ಯೂರೋ, ಜೊತೆಗೆ ವ್ಯವಹಾರದ ಮೊತ್ತದ ಶೇ. 4. ಅಜ್ಜಿಯಂಥ ಖಾಸಗಿ ಮನೆಯವರಿಗೆ ಆ ನಿಯಮ ಬರೋದಿಲ್ಲ. ಹಾಗಾಗಿ ಅವರ ಮಾತು ಅಲ್ಲಿನ ಕಾನೂನಿಗೆ ಹೊಂದುತ್ತಿತ್ತು. ಅದೇ ಯಾರಾದರೂ 'ನಮ್ಮದು ದೊಡ್ಡ ರೆಸಾರ್ಟ್, ಆದರೆ ಕಾರ್ಡ್ ಇಲ್ಲ' ಅಂದಿದ್ದರೆ ನಾನು ಅಲ್ಲೇ ಬೇಡ ಅನ್ನುತ್ತಿದ್ದೆ.

ಮನೆ ಇದೆಯಾ, ಇವರದ್ದೇನಾ, ಖಾತೆ ಯಾರದ್ದು

ಇವು ಮೂರೂ ಬೇರೆ ಬೇರೆ ಪ್ರಶ್ನೆ. ಜನ ಇವನ್ನು ಒಂದೇ ಅಂದುಕೊಂಡು ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ದುಡ್ಡು ಕಳಿಸಿಬಿಡುತ್ತಾರೆ. ನಾನು ಕೌಂಟರಿನಲ್ಲಿ ಕಂಡ ಬಹುಪಾಲು ನಷ್ಟಗಳಲ್ಲಿ ಮನೆ ನಿಜವಾಗಿಯೂ ಇತ್ತು. ದುಡ್ಡು ಕೇಳಿದವನು ಅದರ ಮಾಲೀಕ ಆಗಿರಲಿಲ್ಲ.

ಮನೆ ಇದೆಯಾ ಅಂತ ನೋಡೋದು ಇಟಲಿಯಲ್ಲಿ ಈಗ ಸುಲಭ. 2025ರ ಜನವರಿ 1ರಿಂದ ಅಲ್ಪಾವಧಿ ಬಾಡಿಗೆಯ ಪ್ರತಿ ಮನೆಗೂ ಒಂದು ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯ. ಅದನ್ನು ಅವರು 'ಚಿನ್' ಅನ್ನುತ್ತಾರೆ. ಜಾಹೀರಾತಿನಲ್ಲೂ ಹಾಕಬೇಕು, ಮನೆಯ ಹೊರಗೂ ಕಾಣುವ ಹಾಗೆ ಹಾಕಬೇಕು. ಸಂಖ್ಯೆಯೇ ಇಲ್ಲದೆ ಬಾಡಿಗೆಗೆ ಕೊಟ್ಟರೆ 800ರಿಂದ 8,000 ಯೂರೋ ತನಕ ದಂಡ. 'ಐಟಿ' ಅಂತ ಶುರುವಾಗುತ್ತದೆ, ಆಮೇಲಿನ ಮೂರು ಅಂಕಿ ಪ್ರಾಂತ್ಯದ್ದು. ಸಿಯೆನಾಗೆ 052. ಅಜ್ಜಿ ಕೊಟ್ಟ ಸಂಖ್ಯೆ ಹಾಗೇ ಶುರುವಾಗಿತ್ತು. ಅಲ್ಲಿನ ಪ್ರವಾಸೋದ್ಯಮ ಸಚಿವಾಲಯದ ಪಟ್ಟಿಯಲ್ಲಿ ಹುಡುಕಿದೆವು, ಮನೆ ಸಿಕ್ಕಿತು.

ಆದರೆ ಸಂಖ್ಯೆ ಬಾಗಿಲ ಮೇಲೇ ಇರುತ್ತದೆ ಅಲ್ವಾ? ಯಾರು ಬೇಕಾದರೂ ನೋಡಿ ಬರೆದುಕೊಳ್ಳಬಹುದು. ಹಾಗಾಗಿ ಎರಡನೇ ಪ್ರಶ್ನೆಗೆ ಬಂದೆವು.

ಮೊದಲು ವಿಡಿಯೋ ಕಾಲ್. ಇಟಲಿಯ ಬೇಸಿಗೆ ಸಮಯ ನಮಗಿಂತ ಮೂರೂವರೆ ಗಂಟೆ ಹಿಂದೆ. ನಮ್ಮ ಮಧ್ಯಾಹ್ನ ಎರಡೂವರೆ, ಅವರ ಬೆಳಿಗ್ಗೆ ಹನ್ನೊಂದು. ಅಜ್ಜಿ ಫೋನ್ ಹಿಡಿದುಕೊಂಡು ಗೇಟಿನಿಂದ ನಡೆದು ಬಂದರು. ಜಲ್ಲಿಕಲ್ಲಿನ ಮೇಲೆ ಅವರ ಚಪ್ಪಲಿ ಸದ್ದು ಕೇಳುತ್ತಿತ್ತು. ಬಾಗಿಲ ಪಕ್ಕದ ಚಿಕ್ಕ ಫಲಕ ತೋರಿಸಿದರು, ಅದರಲ್ಲಿ ಅದೇ ಸಂಖ್ಯೆ. ಅಡುಗೆಮನೆಗೆ ಬಂದಾಗ ಅತ್ತೆ ಪರದೆಯ ಹತ್ತಿರ ಬಗ್ಗಿ ಒಂದೇ ಪ್ರಶ್ನೆ ಕೇಳಿದರು: "ಒಲೆ ಗ್ಯಾಸಿಂದಾ, ಕರೆಂಟಿಂದಾ?" ಮೊಮ್ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅಜ್ಜಿ ಮಾತಾಡಲಿಲ್ಲ. ಗುಂಡಿ ತಿರುಗಿಸಿ, ಬೆಂಕಿ ಹೊತ್ತಿಸಿ, ನೀಲಿ ಉರಿಯ ಹತ್ತಿರ ಫೋನ್ ಹಿಡಿದರು. ನಾಲ್ಕು ಬರ್ನರ್. ಅತ್ತೆಯ ಮಟ್ಟಿಗೆ ಅಲ್ಲಿಗೆ ಮನೆ ಖಾಯಂ.

ನನಗೆ ಅಷ್ಟು ಸಾಕಾಗಲಿಲ್ಲ. ಬಾಡಿಗೆಗೆ ಬಂದು ಎರಡು ದಿನ ತಂಗಿದವರೂ ವಿಡಿಯೋದಲ್ಲಿ ಒಲೆ ಹೊತ್ತಿಸಿ ತೋರಿಸಬಹುದು. ಹಾಗಾಗಿ ಅಜ್ಜಿ ಕೊಟ್ಟ ಮೊಬೈಲ್ ನಂಬರ್ ಬಿಟ್ಟು ಬೇರೆ ದಾರಿಯಿಂದ ಅವರನ್ನು ತಲುಪಬೇಕಿತ್ತು. ಆ ಊರಿನ ಪುರಸಭೆಯ ಅಧಿಕೃತ ತಾಣಕ್ಕೆ ಹೋದೆವು. ಅಲ್ಲಿ ಪ್ರವಾಸಿ ಮಾಹಿತಿ ಕಚೇರಿಯ ನಂಬರ್ ಇತ್ತು. ಅಣ್ಣನ ಮಗಳು ಫೋನ್ ಮಾಡಿ ಮನೆಯ ಹೆಸರು ಹೇಳಿದಳು. ಅವರ ಹತ್ತಿರ ತಂಗುಮನೆಗಳ ಪಟ್ಟಿ ಇತ್ತು, ಅದರಲ್ಲಿದ್ದ ಲ್ಯಾಂಡ್‌ಲೈನ್ ನಂಬರ್ ಕೊಟ್ಟರು. ಆ ನಂಬರಿಗೆ ಮಾಡಿದರೆ ಎತ್ತಿದ್ದು ಅದೇ ಅಜ್ಜಿ, ಅದೇ ದನಿ. ಒಟ್ಟು ಹತ್ತು ನಿಮಿಷದ ಕೆಲಸ. ಈ ಒಂದು ಫೋನ್ ಕಾಲ್‌ಗೆ ನಾನು ಮಿಕ್ಕ ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಇದು ಇಟಲಿಗೆ ಮಾತ್ರ ಅಲ್ಲ, ಯಾವ ದೇಶದ ಸಣ್ಣ ಊರಿನಲ್ಲೂ ಮಾಡಬಹುದು.

ಮೂರನೇದು ಖಾತೆ. ಹೆಸರು ಅಜ್ಜಿಯದ್ದಲ್ಲ ಅಂದೆನಲ್ಲ. ಕೇಳಿದಾಗ "ಅದು ನನ್ನ ಮಗಳು, ಮನೆ ನಮ್ಮಿಬ್ಬರದ್ದು" ಅಂದರು. ಬಾಯಿಮಾತಿಗೆ ದಾಖಲೆ ಕೇಳೋದು ಹೇಗಪ್ಪಾ ಅಂತ ಅಣ್ಣನ ಮಗಳಿಗೆ ಮುಜುಗರ. ನಾನೇ ಇಮೇಲ್ ಬರೆದುಕೊಟ್ಟೆ: "ನಮ್ಮ ಬ್ಯಾಂಕಿನವರಿಗೆ ತೋರಿಸಬೇಕು, ಮನೆಯ ವಿಸೂರಾ ಕಳಿಸಲು ಸಾಧ್ಯವಾ?" ವಿಸೂರಾ ಕತಾಸ್ತಾಲೆ ಅಂದರೆ ಅಲ್ಲಿನ ಭೂದಾಖಲೆಯ ಪ್ರತಿ. ನಮ್ಮ ಪಹಣಿ, ಖಾತಾ ಇದ್ದ ಹಾಗೆ. ನಮ್ಮ ಸರ್ವೆ ನಂಬರಿನ ಥರ ಅದರಲ್ಲಿ ಹಾಳೆ ಸಂಖ್ಯೆ, ತುಂಡು ಸಂಖ್ಯೆ ಇರುತ್ತದೆ. ಯಾರ ಹೆಸರಲ್ಲಿದೆ, ಯಾರದ್ದು ಎಷ್ಟು ಪಾಲು ಅಂತಲೂ ಇರುತ್ತದೆ. ಮಾರನೇ ದಿನವೇ ಬಂತು. ತಾಯಿಗೆ ಅರ್ಧ, ಮಗಳಿಗೆ ಅರ್ಧ. ಖಾತೆಯ ಹೆಸರೂ ಆ ಮಗಳ ಹೆಸರೂ ಅಕ್ಷರ ಅಕ್ಷರ ಒಂದೇ. ಖಾತಾ ಇದ್ದ ಮಾತ್ರಕ್ಕೆ ನಮ್ಮಲ್ಲಿ ಮಾಲೀಕತ್ವ ಪಕ್ಕಾ ಆಗೋದಿಲ್ಲ, ಅಲ್ಲೂ ವಿಸೂರಾ ಕಥೆ ಅದೇ. ಆದರೆ ನಾವು ಮನೆ ಕೊಳ್ಳುತ್ತಿರಲಿಲ್ಲ. ವಾರದ ಬಾಡಿಗೆಗೆ ಇಷ್ಟು ಧಾರಾಳ ಸಾಕು.

ಆಮೇಲೆ ಖಾತೆ ಸಂಖ್ಯೆಯನ್ನು ಬಿಡಿಸಿ ನೋಡಿದೆ. ಇದು ನನ್ನ ಹಳೆಯ ಅಭ್ಯಾಸ. ಯುರೋಪಿನ ಖಾತೆ ಸಂಖ್ಯೆಗೆ ಐಬ್ಯಾನ್ ಅನ್ನುತ್ತಾರೆ. ಇಟಲಿಯದ್ದಾದರೆ 27 ಅಕ್ಷರ-ಅಂಕಿ. ಮೊದಲು 'ಐಟಿ'. ಆಮೇಲೆ ಎರಡು ತಪಾಸಣೆ ಅಂಕಿ. ಒಂದು ಅಕ್ಷರ. ಬ್ಯಾಂಕಿನ ಗುರುತಿಗೆ ಐದು ಅಂಕಿ. ಶಾಖೆಯ ಗುರುತಿಗೆ ಐದು. ಉಳಿದ ಹನ್ನೆರಡು ಖಾತೆಯದ್ದು. ಶಾಖೆಯ ಐದು ಅಂಕಿ ಹಾಕಿ ಹುಡುಕಿದರೆ ಆ ಮನೆಯಿಂದ ಏಳೆಂಟು ಕಿಲೋಮೀಟರ್ ದೂರದ ಪೇಟೆಯ ಬ್ಯಾಂಕ್ ಶಾಖೆ ಬಂತು. ನನಗೆ ಮನಸ್ಸು ನಿರಾಳ ಆಗಿದ್ದು ಆ ಕ್ಷಣದಲ್ಲಿ. ಸ್ವಿಫ್ಟ್ ಕೋಡಿನ ಐದನೇ, ಆರನೇ ಅಕ್ಷರ ದೇಶದ್ದು, ಅದೂ 'ಐಟಿ'ಯೇ.

ಇಂಟರ್ನೆಟ್ಟಿನಲ್ಲಿ ಐಬ್ಯಾನ್ ಸರಿಯಿದೆಯಾ ಅಂತ ಹೇಳುವ ತಾಣಗಳಿವೆ. ಅವು 'ಸರಿ' ಅಂದ ಕೂಡಲೇ ನಂಬಿಬಿಡಬೇಡಿ. ಅವು ಮಾಡೋದು ಒಂದು ಲೆಕ್ಕ: ಮೊದಲ ನಾಲ್ಕನ್ನು ಕೊನೆಗೆ ಹಾಕಿ, ಅಕ್ಷರಗಳನ್ನು ಅಂಕಿಯಾಗಿ ಬದಲಿಸಿ, ಇಡೀ ಸಂಖ್ಯೆಯನ್ನು 97ರಿಂದ ಭಾಗಿಸುವುದು. ಒಂದು ಉಳಿದರೆ ಸರಿ. ಟೈಪಿಂಗ್ ತಪ್ಪನ್ನು ಇದು ಹಿಡಿಯುತ್ತದೆ. ಖಾತೆ ಯಾರದ್ದು ಅನ್ನೋದು ಇದಕ್ಕೆ ಗೊತ್ತಿಲ್ಲ. ಆ ಲಿಥುವೇನಿಯಾ ಸಂಖ್ಯೆಯೂ ಇದರಲ್ಲಿ ಪಾಸಾಗಿತ್ತು.

ಸಂಚಕಾರ

ಹಳೆಯ ಕಾಲದಲ್ಲಿ ದನ ಕೊಳ್ಳಲಿ, ಹೊಲ ಕೊಳ್ಳಲಿ, ಮಾತು ಗಟ್ಟಿ ಮಾಡೋಕೆ ಸ್ವಲ್ಪ ದುಡ್ಡು ಕೈಯಲ್ಲಿಡುತ್ತಿದ್ದರು. ಅದಕ್ಕೆ ಸಂಚಕಾರ ಅನ್ನುತ್ತಿದ್ದರು. ಇಟಲಿಯಲ್ಲಿ ಅದಕ್ಕೆ ಕಪಾರಾ ಅಂತ ಹೆಸರು, ಮತ್ತು ಅದಕ್ಕೆ ಕಾನೂನಿನ ಬಲ ಇದೆ. ಅಲ್ಲಿನ ಸಿವಿಲ್ ಸಂಹಿತೆಯ 1385ನೇ ವಿಧಿ ಹೇಳೋದು ಇಷ್ಟು: ಕೊಟ್ಟವನು ಮಾತು ತಪ್ಪಿದರೆ ಕೊಟ್ಟ ಕಪಾರಾ ಹೋಯಿತು. ಪಡೆದವನು ತಪ್ಪಿದರೆ ಅದರ ಎರಡು ಪಟ್ಟು ಕೇಳಬಹುದು. ಆದರೆ ಕರಾರಿನಲ್ಲಿ 'ಕಪಾರಾ ಕನ್ಫರ್ಮತೋರಿಯಾ' ಅಂತಲೇ ಬರೆದಿರಬೇಕು. 'ಅಕೋಂತೋ' ಅಂತ ಬರೆದರೆ ಅದು ಬರೀ ಮುಂಗಡ, ಎರಡು ಪಟ್ಟಿನ ಮಾತು ಬರೋದಿಲ್ಲ. ಒಂದೇ ಪದದ ವ್ಯತ್ಯಾಸ.

ಅಜ್ಜಿ ಕಳಿಸಿದ ಕರಾರು ಎರಡು ಪುಟ. ತಾಯಿ ಮಗಳ ಹೆಸರು, ಮನೆ ವಿಳಾಸ, ಚಿನ್ ಸಂಖ್ಯೆ, ತಾರೀಕು, ಬಾಡಿಗೆ 1,260, ಕಪಾರಾ ಶೇ. 30 ಅಂದರೆ 378, ಉಳಿದ 882 ಮನೆಗೆ ಬಂದ ದಿನ, ಜೊತೆಗೆ ಒಡೆದದ್ದು ಹರಿದದ್ದಕ್ಕೆ 200 ಯೂರೋ ಠೇವಣಿ, ಹೊರಡುವಾಗ ವಾಪಸ್. ಎಲ್ಲ ಸರಿಯಾಗಿತ್ತು. ನಾನು ಒಂದು ಮಾತು ಸೇರಿಸಲು ಹೇಳಿದೆ.

ವೀಸಾ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಶೆಂಗೆನ್ ವೀಸಾ ಬೇಕು. ಅರ್ಜಿ ಹಾಕುವಾಗ ಎಲ್ಲಿ ತಂಗುತ್ತೀರಿ ಅನ್ನೋದಕ್ಕೆ ಪುರಾವೆ ಬೇಕು. ಅಂದರೆ ವೀಸಾ ಸಿಗುತ್ತೋ ಇಲ್ವೋ ಗೊತ್ತಿಲ್ಲದೆ ಮನೆ ಖಾಯಂ ಮಾಡಬೇಕು. ವೀಸಾ ಕೊಡದಿದ್ದರೆ ಹೋಗೋಕಾಗಲ್ಲ, ಹೋಗದಿದ್ದರೆ ಕರಾರಿನ ಪ್ರಕಾರ ಮಾತು ತಪ್ಪಿದವರು ನಾವು, 378 ಹೋಯಿತು. ಯುರೋಪಿನವರೇ ಬರುವ ಮನೆಗಳ ಕರಾರಿನಲ್ಲಿ ಈ ವಿಷಯ ಯಾಕೆ ಇರುತ್ತದೆ ಹೇಳಿ? ನಾವೇ ಕೇಳಬೇಕು. "ವೀಸಾ ನಿರಾಕರಣೆ ಪತ್ರ ಸಿಕ್ಕ ಏಳು ದಿನದೊಳಗೆ ಕಳಿಸಿದರೆ, ಬ್ಯಾಂಕ್ ಖರ್ಚು ಕಳೆದು ಕಪಾರಾ ಹಿಂದಿರುಗಿಸುವುದು" ಅಂತ ಒಂದು ಸಾಲು. ಅಜ್ಜಿಯ ಮಗಳು ಒಪ್ಪಿ, ಕೈಯಲ್ಲೇ ಬರೆದು, ಪಕ್ಕದಲ್ಲಿ ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳಿಸಿದರು.

ಒಂದು ಮಾತು ನೇರವಾಗಿ ಹೇಳುತ್ತೇನೆ. 378 ಯೂರೋಗೆ ಯಾರೂ ಬೆಂಗಳೂರಿನಿಂದ ಸಿಯೆನಾ ಕೋರ್ಟಿಗೆ ಹೋಗೋದಿಲ್ಲ. ಕರಾರು ಮುಖ್ಯವೇ, ಆದರೆ ನಿಜವಾಗಿ ನಮ್ಮನ್ನು ಕಾಪಾಡಿದ್ದು ಮೊತ್ತ. ಪೂರ್ತಿ 1,260 ಮುಂಚೆ ಕೇಳಿದ್ದರೆ ಎಷ್ಟೇ ದಾಖಲೆ ಇದ್ದರೂ ನಾನು ಬೇಡ ಅನ್ನುತ್ತಿದ್ದೆ. ಹೋದರೂ ಮನೆ ಮಂದಿಯ ನಿದ್ದೆ ಹೋಗದಷ್ಟು ಮೊತ್ತವನ್ನು ಮಾತ್ರ ಮುಂಚೆ ಕಳಿಸೋದು, ಉಳಿದದ್ದನ್ನು ಬೀಗದ ಕೈ ಸಿಕ್ಕಮೇಲೆ ಕೊಡೋದು.

ಕಳಿಸಿದ್ದು, 18 ಯೂರೋ ಕಮ್ಮಿಯಾಗಿದ್ದು

ಮೇ ತಿಂಗಳ ಎರಡನೇ ವಾರ ಕಳಿಸಿದಳು. ದಾರಿ, ಇಲ್ಲಿನವರು ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ವ್ಯವಸ್ಥೆ, ಅಂದರೆ ಎಲ್‌ಆರ್‌ಎಸ್. 2004ರಲ್ಲಿ 25,000 ಡಾಲರ್ ಮಿತಿಯೊಂದಿಗೆ ಶುರುವಾದ ಯೋಜನೆ, ಈಗ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್. ಪ್ಯಾನ್ ಬೇಕು, ವಿದೇಶಕ್ಕೆ ಹಣ ಕಳಿಸುವ ಅರ್ಜಿಯಾದ ಎ2 ಫಾರಂ ಬೇಕು, ಉದ್ದೇಶದ ಕೋಡ್ ಬೇಕು. ರಜೆ ಪ್ರವಾಸಕ್ಕೆ ಎಸ್0306. ಬ್ಯಾಂಕ್ ಆ್ಯಪ್‌ನಲ್ಲೇ ಆಯಿತು, ಕರಾರಿನ ಪ್ರತಿ ಅಪ್‌ಲೋಡ್ ಮಾಡಿದಳು.

ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ವಸೂಲು ಮಾಡುವ ತೆರಿಗೆಯ ಬಗ್ಗೆ ಜನಕ್ಕೆ ತುಂಬಾ ಗೊಂದಲ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ತನಕ ಎಲ್‌ಆರ್‌ಎಸ್ ಹಣಕ್ಕೆ ಟಿಸಿಎಸ್ ಇರಲಿಲ್ಲ. ಅವಳದ್ದು ಅದರೊಳಗೇ ಇತ್ತು. ಆದರೆ ಫಾರೆಕ್ಸ್ ಕಾರ್ಡಿಗೆ ತುಂಬಿದ್ದು, ಕೊಂಡ ನೋಟು, ಕಳಿಸಿದ ಮುಂಗಡ ಎಲ್ಲ ಆ ಪ್ಯಾನ್‌ನಲ್ಲಿ ಒಟ್ಟಿಗೆ ಲೆಕ್ಕಕ್ಕೆ ಬರುತ್ತವೆ. ಪ್ರವಾಸ ಪ್ಯಾಕೇಜ್ ಅಂತ ಏಜೆಂಟರ ಹತ್ತಿರ ಕೊಂಡಿದ್ದರೆ ಆ ವರ್ಷದ ಲೆಕ್ಕದಲ್ಲಿ ಮೊದಲ ರೂಪಾಯಿಯಿಂದಲೇ ಶೇ. 5 ಕಟ್ಟಬೇಕಿತ್ತು. ಬರೀ ಮನೆ ಬಾಡಿಗೆ ಪ್ಯಾಕೇಜ್ ಆಗೋದಿಲ್ಲ.

ಬ್ಯಾಂಕಿನ ದರ ಯೂರೋಗೆ 98.40 ರೂಪಾಯಿ. 378ಕ್ಕೆ 37,195 ರೂಪಾಯಿ. ವಿನಿಮಯದ ಮೇಲಿನ ಜಿಎಸ್‌ಟಿ 67. ಬ್ಯಾಂಕ್ ಶುಲ್ಕ ಜಿಎಸ್‌ಟಿ ಸೇರಿ 590. ಒಟ್ಟು 37,852.

ಮೂರು ದಿನ ಆದಮೇಲೆ ಅಜ್ಜಿಯ ಮಗಳಿಂದ ಸಂದೇಶ: "ಬಂದಿದ್ದು 360." ಅಣ್ಣನ ಮಗಳು ಗಾಬರಿಯಾಗಿ ನನಗೆ ಮಾಡಿದಳು. ಹದಿನೆಂಟು ಯೂರೋ ಎಲ್ಲಿ ಹೋಯಿತು? ನಾನು ಎಂಟಿ103 ಪ್ರತಿ ತರಿಸು ಅಂದೆ. ಅದು ಆಗಿನ ಸ್ವಿಫ್ಟ್ ಸಂದೇಶದ ನಕಲು, ಕೇಳಿದರೆ ಬ್ಯಾಂಕ್ ಕೊಡುತ್ತಿತ್ತು. ಅದರಲ್ಲಿ 71ಎ ಅನ್ನುವ ಸಾಲಿನಲ್ಲಿ ಮೂರು ಅಕ್ಷರ: 'ಎಸ್‌ಎಚ್‌ಎ'. ಅಂದರೆ ಖರ್ಚು ಹಂಚಿಕೆ. ನಮ್ಮ ಬ್ಯಾಂಕಿನ ಶುಲ್ಕ ನಮ್ಮದು, ದಾರಿಯಲ್ಲಿ ಸಿಗುವ ಬ್ಯಾಂಕುಗಳ ಶುಲ್ಕ ಪಡೆಯುವವರದ್ದು. ಆ ಶುಲ್ಕವನ್ನು ಮೊತ್ತದಲ್ಲೇ ಮುರಿದುಕೊಳ್ಳುತ್ತಾರೆ. ಪೂರ್ತಿ ಮೊತ್ತ ತಲುಪಬೇಕು ಅಂದರೆ 'ಒಯುಆರ್' ಆರಿಸಬೇಕಿತ್ತು, ಆಗ ಎಲ್ಲ ಖರ್ಚೂ ನಮ್ಮದು. ಆ್ಯಪ್‌ನಲ್ಲಿ ಮೊದಲೇ ಟಿಕ್ ಆಗಿದ್ದಿದ್ದು ಎಸ್‌ಎಚ್‌ಎ, ಅವಳು ಗಮನಿಸಿರಲಿಲ್ಲ. ಇಷ್ಟೆಲ್ಲ ಹೇಳಿಕೊಟ್ಟ ನಾನು ಈ ಒಂದನ್ನು ಮುಂಚೆ ಹೇಳಲಿಲ್ಲ, ಅದು ನನ್ನ ತಪ್ಪು.

ಇದು ಚಿಲ್ಲರೆ ವಿಷಯ ಅನ್ನಿಸಬಹುದು. ಆದರೆ ಕಪಾರಾ 378 ಅಂತ ಕರಾರಿದೆ, ತಲುಪಿದ್ದು 360. ಜಗಳ ಮಾಡಬೇಕು ಅನ್ನುವವರಿಗೆ ಅದೇ ಸಾಕು. ಅವರು ಜಗಳ ಮಾಡಲಿಲ್ಲ. "ಮನೆಗೆ ಬಂದ ದಿನ ಆ 18 ಯೂರೋವನ್ನು ಬಾಕಿಗೆ ಸೇರಿಸಿ ಕೊಡುತ್ತೇವೆ, ಕಪಾರಾ ಪೂರ್ತಿ ಸಂದಿದೆ ಅಂತ ತಿಳಿಸಿ" ಅಂತ ಇಮೇಲ್ ಹಾಕಿದೆವು. ಒಪ್ಪಿಗೆ ಬಂತು. ಬಾಕಿ 900 ಆಯಿತು.

ಇದೇ ಸಮಯದಲ್ಲಿ ಇನ್ನೊಂದು ಮಾತು ಕೂಡಾ ಇಮೇಲ್‌ನಲ್ಲಿ ಬರೆಸಿದ್ದೆ. "ಖಾತೆ ಸಂಖ್ಯೆ ಬದಲಾಗಿದೆ ಅಂತ ಇಮೇಲ್ ಬಂದರೆ ನಾವು ನಂಬುವುದಿಲ್ಲ, ಲ್ಯಾಂಡ್‌ಲೈನಿಗೆ ಫೋನ್ ಮಾಡಿಯೇ ಕೇಳುತ್ತೇವೆ." ಮನೆಯವರು ಒಳ್ಳೆಯವರೇ ಆಗಿದ್ದರೂ ಅವರ ಇಮೇಲ್ ಕದ್ದು ಒಳಗೆ ಕೂತವರು ಸರಿಯಾದ ಹೊತ್ತಿಗೆ ಬೇರೆ ಖಾತೆ ಸಂಖ್ಯೆ ಕಳಿಸುವುದುಂಟು. ನಾನು ಕಂಡ ಪ್ರಕರಣಗಳಲ್ಲಿ ಅತಿ ಬೇಸರದ್ದು ಅವು, ಎರಡೂ ಕಡೆಯವರು ಪ್ರಾಮಾಣಿಕರು, ದುಡ್ಡು ಮಾತ್ರ ಮೂರನೆಯವನ ಪಾಲು. ಅಂಥದ್ದು ಆಯಿತು ಅಂತ ಗೊತ್ತಾದರೆ ಮೊದಲು ಬ್ಯಾಂಕಿಗೆ, ಕೂಡಲೇ 1930ಕ್ಕೆ ಫೋನ್ ಮಾಡಬೇಕು. ನಾಳೆ ನೋಡೋಣ ಅಂದರೆ ಆಗಲ್ಲ.

ಬಾಕಿ 900

ವೀಸಾ ಜುಲೈನಲ್ಲಿ ಬಂತು. ಉಳಿದಿದ್ದು ಬಾಕಿಯನ್ನು ಹೇಗೆ ಕೊಡೋದು ಅನ್ನೋದು. ಅಜ್ಜಿ ನಗದು ಅಥವಾ ಬ್ಯಾಂಕ್, ಎರಡಕ್ಕೂ ಸೈ ಅಂದಿದ್ದರು. ನಾವು ನಗದು ಆರಿಸಿದೆವು. ಇಟಲಿಯಲ್ಲಿ 5,000 ಯೂರೋ ಮುಟ್ಟುವ ನಗದು ವ್ಯವಹಾರಕ್ಕೆ ತಡೆ ಇದೆ, 900 ಅದಕ್ಕಿಂತ ಎಷ್ಟೋ ಕೆಳಗೆ. ನಮ್ಮ ಕಡೆಯಿಂದ ಒಬ್ಬರು ಒಂದು ಪ್ರವಾಸಕ್ಕೆ 3,000 ಡಾಲರ್ ಮೌಲ್ಯದ ನೋಟು ಒಯ್ಯಬಹುದು. ರೂಪಾಯಿ ನಗದು ಕೊಟ್ಟು ಕೊಳ್ಳೋಕೆ 50,000 ಮಿತಿ ಇರೋದರಿಂದ ಖಾತೆಯಿಂದಲೇ ಕಟ್ಟಿದಳು. 50ರ ನೋಟುಗಳನ್ನೇ ಕೇಳಿ ತಗೊಂಡಳು. ಗಂಡ ಹೆಂಡತಿ ಅರ್ಧ ಅರ್ಧ ಇಟ್ಟುಕೊಂಡರು.

ಇಲ್ಲಿ ನಷ್ಟ ಆಯಿತು. ಮೇ ತಿಂಗಳಲ್ಲಿ 98.40 ಇದ್ದ ಯೂರೋ ಸೆಪ್ಟೆಂಬರಿನಲ್ಲಿ ನೋಟು ಕೊಳ್ಳುವಾಗ 105.20. 900ಕ್ಕೆ 6,120 ರೂಪಾಯಿ ಜಾಸ್ತಿ. "ಮೇನಲ್ಲೇ ಪೂರ್ತಿ ಕಳಿಸಿದ್ದರೆ ಉಳೀತಿತ್ತಲ್ಲ" ಅಂತ ಅವಳ ಮಾವ ಅಂದರಂತೆ. ಲೆಕ್ಕಕ್ಕೆ ಅದು ಸರಿ. ಆದರೆ ಮೇನಲ್ಲಿ ವೀಸಾ ಇರಲಿಲ್ಲ, ಮನೆಯ ಬಾಗಿಲನ್ನು ಯಾರೂ ಕಣ್ಣಾರೆ ನೋಡಿರಲಿಲ್ಲ. ಆ 6,120 ಕೊಟ್ಟು ನಾಲ್ಕು ತಿಂಗಳು 900 ಯೂರೋವನ್ನು ನಮ್ಮ ಕೈಯಲ್ಲೇ ಇಟ್ಟುಕೊಂಡೆವು ಅಂತ ನಾನು ಲೆಕ್ಕ ಹಾಕುತ್ತೇನೆ. ಇವತ್ತು ಕೇಳಿದರೂ ಹಾಗೇ ಮಾಡು ಅನ್ನುತ್ತೇನೆ.

ಸೆಪ್ಟೆಂಬರ್ 20ರ ರಾತ್ರಿ, ನಮ್ಮ ಗಡಿಯಾರದಲ್ಲಿ ಹನ್ನೊಂದಾಗುತ್ತಾ ಬಂದಿತ್ತು, ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಮರದ ಮೇಜು. ಅದರ ಮೇಲೆ ಎರಡು ಕಂತೆ ನೋಟು, ಒಂದು ದೊಡ್ಡದು, ಠೇವಣಿಯ 200 ಬೇರೆ. ಪಕ್ಕದಲ್ಲಿ ಕೈಬರಹದ ರಸೀದಿ. 1,260 ಪೂರ್ತಿ ಸಂದಿದೆ, ಕಪಾರಾ ಮೇ ತಿಂಗಳಲ್ಲಿ, ಬಾಕಿ ಇವತ್ತು, ಇಬ್ಬರ ಸಹಿ. ಮೂಲೆಯಲ್ಲಿ ಚಿಕ್ಕದೊಂದು ರೆವಿನ್ಯೂ ಸ್ಟಾಂಪ್. ಖಾಸಗಿಯವರು 77.47 ಯೂರೋಗಿಂತ ಜಾಸ್ತಿ ಮೊತ್ತಕ್ಕೆ ರಸೀದಿ ಬರೆದರೆ ಅಲ್ಲಿ ಎರಡು ಯೂರೋ ಸ್ಟಾಂಪ್ ಹಚ್ಚಬೇಕು. ಅಜ್ಜಿ ಮುಂಚೆಯೇ ತಂದಿಟ್ಟುಕೊಂಡಿದ್ದರಂತೆ.

ಫೋಟೋದ ಹಿಂಬದಿಯಲ್ಲಿ ಒಲೆ ಕಾಣುತ್ತಿತ್ತು. ಒಂದು ಬರ್ನರ್ ಮೇಲೆ ಆಗಲೇ ಕುಕ್ಕರ್ ಕೂತಿತ್ತು.